ಫಲಕದ ಕೊನೆಯ ಸಾಲು ಓದ್ತೀರಾ? ಅಮೆರಿಕದ ಇತಿಹಾಸ ಫಲಕಗಳು, ಯುದ್ಧ ಸ್ಮಾರಕಗಳು

ರಸ್ತೆಬದಿ_ಓದುಗ

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯಾಗೆ ಬಂದು ಒಂಬತ್ತು ವರ್ಷ ಆಯಿತು. ಬಂದ ಹೊಸದರಲ್ಲೇ ಒಂದು ಅಭ್ಯಾಸ ಅಂಟಿಕೊಂಡಿತು. ಕಾರಲ್ಲಿ ಹೋಗುವಾಗ ರಸ್ತೆ ಪಕ್ಕ ನೀಲಿ ಬಣ್ಣದ, ಹಳದಿ ಅಕ್ಷರದ ಎರಕದ ಫಲಕ ಕಂಡರೆ ನಿಲ್ಲಿಸಿ ಓದುವುದು. ಮೊದಮೊದಲು ಮನೆಯವರಿಗೆ ಬೇಜಾರಾಗುತ್ತಿತ್ತು. ಈಗ ಮಗಳೇ ದೂರದಿಂದ ನೋಡಿ "ಅಪ್ಪಾ, ನೀಲಿ ಬೋರ್ಡು" ಅನ್ನುತ್ತಾಳೆ.

ಈ ರಾಜ್ಯದಲ್ಲಿ 1946ರಿಂದ ಈ ನೀಲಿ ಫಲಕಗಳನ್ನು ನೆಡುತ್ತಿದ್ದಾರೆ. ವರ್ಜೀನಿಯಾದಲ್ಲಿ ಇನ್ನೂ ಮುಂಚೆ, 1927ರಲ್ಲೇ ಶುರು. ಅಲ್ಲಿನವು ಬೆಳ್ಳಿ ಬಣ್ಣದ ಮೇಲೆ ಕಪ್ಪು ಅಕ್ಷರ. ನ್ಯೂಯಾರ್ಕ್‌ನವರು 1926ರಲ್ಲಿ, ಸ್ವಾತಂತ್ರ್ಯ ಯುದ್ಧಕ್ಕೆ 150 ವರ್ಷ ತುಂಬಿದ ನೆಪದಲ್ಲಿ ಶುರು ಮಾಡಿದರು. ಜನ ಕಾರು ಕೊಂಡು ಊರೂರು ಸುತ್ತಲು ಹೊರಟ ಕಾಲ ಅದು. ಅದಕ್ಕೇ ಇವೆಲ್ಲ ರಸ್ತೆ ಬದಿಯಲ್ಲಿರುವುದು.

ನಾನು ಹೇಳಬೇಕು ಅಂತಿರುವುದು ಒಂದೇ ವಿಷಯ. ಫಲಕದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಯಾರು ನೆಟ್ಟರು, ಯಾವ ವರ್ಷ ನೆಟ್ಟರು ಅಂತ. ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ನಾನೂ ಎಷ್ಟೋ ವರ್ಷ ಓದಿರಲಿಲ್ಲ. ಈಗ ಮೊದಲು ಅದನ್ನೇ ಓದುತ್ತೇನೆ.

ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಲೂಯಿಸಿಯಾನಾದಲ್ಲಿ ಕೋಲ್‌ಫ್ಯಾಕ್ಸ್ ಅಂತ ಒಂದು ಸಣ್ಣ ಊರು. 1873ರ ಏಪ್ರಿಲ್ 13, ಈಸ್ಟರ್ ಭಾನುವಾರ. ಚುನಾವಣೆಯಲ್ಲಿ ಗೆದ್ದವರು ಯಾರು ಅನ್ನುವ ಜಗಳದಲ್ಲಿ ಕಪ್ಪು ಜನ ಅಲ್ಲಿನ ಕೋರ್ಟ್ ಕಟ್ಟಡಕ್ಕೆ ಕಾವಲು ನಿಂತಿದ್ದರು. ಬಿಳಿಯರ ಶಸ್ತ್ರಧಾರಿ ಗುಂಪು ಬಂದು ದಾಳಿ ಮಾಡಿತು. ಕಟ್ಟಡಕ್ಕೆ ಬೆಂಕಿ ಇಟ್ಟರು. ಶರಣಾದವರನ್ನೂ ಬಿಡದೆ ಕೊಂದರು. ಅದೇ ಜಾಗದಲ್ಲಿ 1950ರಲ್ಲಿ ಒಂದು ಸರ್ಕಾರಿ ಫಲಕ ಬಂತು. ಅದರಲ್ಲಿ ಇದ್ದದ್ದು "ಕೋಲ್‌ಫ್ಯಾಕ್ಸ್ ಗಲಭೆ" ಅಂತ. ಮೂವರು ಬಿಳಿಯರು, 150 ಕಪ್ಪು ಜನ ಸತ್ತರು, ಇದರಿಂದ ದಕ್ಷಿಣದಲ್ಲಿ ಹೊರಗಿನವರ ದುರಾಡಳಿತ ಮುಗಿಯಿತು ಅಂತ ಹೆಮ್ಮೆಯಿಂದ ಬರೆದಿದ್ದರು. ಮೂರಕ್ಕೆ ನೂರೈವತ್ತು. ಅದನ್ನು ಗಲಭೆ ಅನ್ನುತ್ತಾರಾ? 1873ರ ಬಗ್ಗೆ ಆ ಫಲಕ ಹೇಳುವುದಕ್ಕಿಂತ 1950ರ ಬಗ್ಗೆ ಹೇಳುವುದೇ ಜಾಸ್ತಿ.

2021ರ ಮೇ ತಿಂಗಳಲ್ಲಿ ಅದನ್ನು ಕಿತ್ತರು. 2023ರಲ್ಲಿ, ಸರಿಯಾಗಿ 150 ವರ್ಷ ತುಂಬಿದ ದಿನ, ಸತ್ತವರಲ್ಲಿ ಗೊತ್ತಾದವರ ಹೆಸರು ಕೆತ್ತಿದ ಹೊಸ ಕಲ್ಲು ನಿಂತಿತು.

ನೀವೂ ಇಂಥ ಫಲಕ, ಕಲ್ಲು, ಸ್ಮಾರಕ ನೋಡಿರುತ್ತೀರಿ. ಯಾವುದು, ಎಲ್ಲಿ, ಅದರ ಮೇಲೆ ಏನಿತ್ತು, ಯಾವಾಗ ನೆಟ್ಟಿದ್ದರು, ಬರೆಯಿರಿ.

ಕನಕಪುರ_ಕರಿಕಲ್ಲು

ನಾನು ಅಮೆರಿಕಕ್ಕೆ ಹೋಗಿದ್ದು ಒಂದೇ ಸಲ, ಅಣ್ಣನ ಮನೆಗೆ. ಆದರೆ ಈ ವಿಷಯಕ್ಕೆ ನಮ್ಮ ಕಡೆಯ ಒಂದು ನಂಟು ಇದೆ, ಹೇಳಲೇಬೇಕು. ವಾಷಿಂಗ್ಟನ್‌ನಲ್ಲಿರುವ ವಿಯೆಟ್ನಾಂ ಯೋಧರ ಸ್ಮಾರಕ, ಆ ಉದ್ದದ ಕಪ್ಪು ಗೋಡೆ ಇದೆಯಲ್ಲ, ಅದರ ಕಲ್ಲು ಬೆಂಗಳೂರು ಕಡೆಯಿಂದ ಹೋದದ್ದು. ಇಲ್ಲಿಂದ ಹಡಗಲ್ಲಿ ಹೋಗಿ, ವರ್ಮಾಂಟ್ ರಾಜ್ಯದ ಬ್ಯಾರಿ ಅನ್ನುವ ಊರಲ್ಲಿ ಕತ್ತರಿಸಿ ಪಾಲಿಶ್ ಆಗಿ, ಅಲ್ಲಿಂದ ಟೆನೆಸಿಯ ಮೆಂಫಿಸ್‌ಗೆ ಹೋಗಿ ಹೆಸರುಗಳನ್ನು ಕೊರೆಸಿಕೊಂಡು, ಆಮೇಲೆ ವಾಷಿಂಗ್ಟನ್ ಸೇರಿತು. 1982ರ ನವೆಂಬರ್ 13ಕ್ಕೆ ಉದ್ಘಾಟನೆ.

ಕಲ್ಲಿನ ಕೆಲಸ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಇದೆ. ಆ ಗೋಡೆ ಮುಂದೆ ನಿಂತಾಗ ಮೊದಲು ನಾನು ನೋಡಿದ್ದು ಹೆಸರುಗಳನ್ನಲ್ಲ, ಪಾಲಿಶನ್ನು. ವ್ಯಾಪಾರದಲ್ಲಿ ನಾವು ಬ್ಲ್ಯಾಕ್ ಗ್ರಾನೈಟ್ ಅನ್ನುತ್ತೇವೆ. ಭೂವಿಜ್ಞಾನ ಓದಿದವರು ಇಂಥ ಕರಿಕಲ್ಲನ್ನು ಗ್ರಾನೈಟ್ ಅಂತ ಒಪ್ಪುವುದಿಲ್ಲ, ಡಾಲರೈಟ್ ಅಂತಲೋ ಗ್ಯಾಬ್ರೊ ಅಂತಲೋ ಹೇಳುತ್ತಾರೆ. ಕನಕಪುರ, ರಾಮನಗರ, ಚಾಮರಾಜನಗರದ ಕಡೆ ಭೂಮಿಯೊಳಗೆ ಇದು ಗೋಡೆ ಎದ್ದ ಹಾಗೆ ಪಟ್ಟಿಪಟ್ಟಿಯಾಗಿ ಇರುತ್ತದೆ. ಕಣ ತುಂಬಾ ಸಣ್ಣದು, ಒಳಗೆ ಬಿಳಿ ಚುಕ್ಕಿ ಇಲ್ಲ. ಹಾಗಾಗಿ ಪಾಲಿಶ್ ಹಿಡಿದರೆ ಕನ್ನಡಿ. ವಿನ್ಯಾಸ ಮಾಡಿದವರಿಗೆ ಬೇಕಾಗಿದ್ದೂ ಅದೇ. ಹೆಸರು ಓದುವವನ ಮುಖ ಅದೇ ಕಲ್ಲಿನಲ್ಲಿ ಕಾಣಬೇಕು ಅಂತ.

ನಾನು ನೋಡುತ್ತಿದ್ದಾಗ ಪಕ್ಕದಲ್ಲಿ ಒಬ್ಬ ವಯಸ್ಸಾದವರು ಒಂದು ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದರು. ಕೈ ನಡುಗುತ್ತಿತ್ತು. ಅಣ್ಣ ಕಾಗದ ಹಿಡಿದುಕೊಂಡ. ಈ ಕಲ್ಲು ನಮ್ಮ ಕಡೆಯದು ಅಂತ ಹೇಳಬೇಕು ಅನ್ನಿಸಿತು. ಆದರೆ ಅದು ಹೇಳುವ ಹೊತ್ತಾಗಿರಲಿಲ್ಲ. ಸುಮ್ಮನೆ ನಿಂತೆ.

ಶಾಸನ_ಓದು

@ಕನಕಪುರ_ಕರಿಕಲ್ಲು ಇದು ನನಗೆ ಗೊತ್ತೇ ಇರಲಿಲ್ಲ! ನಮ್ಮ ಹೊಲಗಳ ಬದಿಯಲ್ಲಿ ವೀರಗಲ್ಲು ನಿಂತ ನಾಡು ಇದು. ಇಲ್ಲಿನ ಕಲ್ಲೇ ಅಷ್ಟು ದೂರ ಹೋಗಿ ಇನ್ನೊಂದು ವೀರಗಲ್ಲು ಆಯಿತು ಅಂತ ಓದಿ ಮೈ ಜುಮ್ಮೆಂದಿತು. ಎರಡೂ ಒಂದೇ ಅಲ್ವಾ?

ಕನಕಪುರ_ಕರಿಕಲ್ಲು

ಒಂದೇ ಅನ್ನುವುದಕ್ಕೆ ನನಗೆ ಮನಸ್ಸು ಒಪ್ಪುವುದಿಲ್ಲ ಸರ್. ವೀರಗಲ್ಲಿನಲ್ಲಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಶಿವಲಿಂಗದ ಎದುರು ಕೂತದ್ದು, ಹೀಗೆ ಪಟ್ಟಿಗಳು ಇರುತ್ತವೆ. ಸತ್ತವನು ಎಲ್ಲಿ ಸೇರಿದ ಅಂತ ಕಲ್ಲೇ ಹೇಳಿಬಿಡುತ್ತದೆ. ಈ ಗೋಡೆ ಅದ್ಯಾವುದನ್ನೂ ಹೇಳುವುದಿಲ್ಲ. 58,000ಕ್ಕೂ ಜಾಸ್ತಿ ಹೆಸರು. ಪದವಿ ಇಲ್ಲ, ಊರಿಲ್ಲ, ಚಿತ್ರ ಇಲ್ಲ. ಅಕ್ಷರದ ಎತ್ತರ ಒಂದೂವರೆ ಸೆಂಟಿಮೀಟರೂ ಇಲ್ಲ. ಅಕಾರಾದಿ ಕ್ರಮವೂ ಅಲ್ಲ, ಸತ್ತ ದಿನದ ಕ್ರಮ. ನಡು ಮೂಲೆಯಿಂದ ಶುರುವಾಗಿ ಪೂರ್ವದ ತುದಿಗೆ ಹೋಗುತ್ತದೆ, ಆಮೇಲೆ ಪಶ್ಚಿಮದ ತುದಿಯಿಂದ ಮತ್ತೆ ನಡುವಿಗೆ ಬರುತ್ತದೆ. ಹಾಗಾಗಿ ಮೊದಲು ಸತ್ತವರೂ ಕೊನೆಗೆ ಸತ್ತವರೂ ಒಂದೇ ಮೂಲೆಯಲ್ಲಿ ಅಕ್ಕಪಕ್ಕ ಸೇರುತ್ತಾರೆ. ಒಂದೇ ದಿನ ಒಟ್ಟಿಗೆ ಸತ್ತ ಗೆಳೆಯರ ಹೆಸರು ಒಟ್ಟಿಗೇ ಇರುತ್ತದೆ. ಹೆಸರಿನ ಪಕ್ಕ ಚಿಕ್ಕ ವಜ್ರಾಕಾರ ಇದ್ದರೆ ಸಾವು ಖಚಿತ. ಕೂಡು ಗುರುತು ಇದ್ದರೆ ಕಾಣೆಯಾದವರು.

ಸಹ್ಯಾದ್ರಿ_ಮಗಳು

ವಿನ್ಯಾಸ ಮಾಡಿದವರ ಕಥೆಯನ್ನೂ ಸೇರಿಸಿ. ಮಾಯಾ ಲಿನ್. ಆಗ ಅವರಿಗೆ 21 ವರ್ಷ, ಯೇಲ್ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿನಿ. 1,421 ವಿನ್ಯಾಸಗಳು ಬಂದಿದ್ದವು. ಹೆಸರು ಮುಚ್ಚಿಟ್ಟು ಆರಿಸಿದ್ದರಿಂದ ಅವರದು ಆಯ್ಕೆಯಾಯಿತು. ಆಮೇಲೆ ಗಲಾಟೆಯೋ ಗಲಾಟೆ. ವಿಯೆಟ್ನಾಂನಲ್ಲಿ ಹೋರಾಡಿದ್ದ ಒಬ್ಬರು ಇದನ್ನು ಅವಮಾನದ ಕಪ್ಪು ಗಾಯ ಅಂತ ಕರೆದರು. ಬಿಳಿ ಬಣ್ಣ ಇರಲಿ ಅಂದರು. ಆಗ ಜಾರ್ಜ್ ಪ್ರೈಸ್ ಅನ್ನುವ ಕಪ್ಪು ಜನಾಂಗದ ಸೇನಾಧಿಕಾರಿ ಎದ್ದು ನಿಂತು, ಕಪ್ಪು ಅವಮಾನದ ಬಣ್ಣ ಅಂತ ನನ್ನ ಮುಂದೆ ಹೇಳಬೇಡಿ ಅಂತ ಆಕ್ಷೇಪಿಸಿದರು. ಆ ಮಾತು ಬಂದಿರದಿದ್ದರೆ ನಿಮ್ಮ ಕರಿಕಲ್ಲು ಅಲ್ಲಿಗೆ ಹೋಗುತ್ತಿತ್ತೋ ಇಲ್ಲವೋ.

ರಾಜಿ ಅಂತ 1984ರಲ್ಲಿ ಹತ್ತಿರದಲ್ಲೇ ಮೂರು ಸೈನಿಕರ ಕಂಚಿನ ಪ್ರತಿಮೆ ಇಟ್ಟರು. 1993ರಲ್ಲಿ ದಾದಿಯರ, ಮಹಿಳೆಯರ ಸ್ಮಾರಕ ಬಂತು. ಗೋಡೆಯ ಮೇಲೆ ಎಂಟು ಮಹಿಳೆಯರ ಹೆಸರೂ ಇದೆ.

ರಸ್ತೆಬದಿ_ಓದುಗ

@ಶಾಸನ_ಓದು ನಿಮ್ಮ ಹೋಲಿಕೆ ನನಗೆ ಬೇರೆ ಕಡೆ ನೆನಪಾಗುತ್ತದೆ. ಹತ್ತಿರ ಬರುವುದು ಗೆಟಿಸ್‌ಬರ್ಗ್, ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಯುದ್ಧಭೂಮಿ. ನಮ್ಮ ಮನೆಯಿಂದ ಒಂದು ಗಂಟೆ ದಾರಿ. ವೀರಗಲ್ಲು ಎಷ್ಟೋ ಕಡೆ ವೀರ ಬಿದ್ದ ಜಾಗದಲ್ಲೇ ನಿಲ್ಲುತ್ತಿತ್ತಲ್ಲ, ಅದೇ ರೀತಿ ಇಲ್ಲೂ ಜಾಗವೇ ಮುಖ್ಯ.

1863ರ ಜುಲೈ 1ರಿಂದ 3, ಮೂರೇ ದಿನ. ಸತ್ತವರು, ಗಾಯಗೊಂಡವರು, ಸೆರೆ ಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ ಸುಮಾರು 51,000. ಈಗ ಆ ಬಯಲಿನಲ್ಲಿ 1,300ಕ್ಕೂ ಜಾಸ್ತಿ ಸ್ಮಾರಕ, ಗುರುತು ಕಲ್ಲು, ಫಲಕ ಇವೆ. ಮೊದಲ ಸಲ ಹೋದವರಿಗೆ ತಲೆ ತಿರುಗುತ್ತದೆ. ಆದರೆ ಓದುವ ಕ್ರಮ ಗೊತ್ತಾದರೆ ಇಡೀ ಬಯಲು ಒಂದು ನಕ್ಷೆ. ಪ್ರತಿ ರೆಜಿಮೆಂಟಿನ ದೊಡ್ಡ ಕಲ್ಲಿನ ಎರಡೂ ಬದಿಗೆ ಸ್ವಲ್ಪ ದೂರದಲ್ಲಿ ಮೊಳಕಾಲೆತ್ತರದ ಸಣ್ಣ ಕಲ್ಲುಗಳಿರುತ್ತವೆ. ಒಂದು ಎಡ ತುದಿ, ಇನ್ನೊಂದು ಬಲ ತುದಿ. ಆ ಎರಡರ ನಡುವೆ ಹೆಗಲಿಗೆ ಹೆಗಲು ಕೊಟ್ಟು ಸಾಲು ನಿಂತಿದ್ದರು. ಒಂದು ತುದಿಯಿಂದ ಇನ್ನೊಂದಕ್ಕೆ ನಡೆದು ನೋಡಿ. ಅಷ್ಟೇ ಜಾಗದಲ್ಲಿ ಮುನ್ನೂರು ನಾನೂರು ಜನ. ಆಮೇಲೆ ಬ್ರಿಗೇಡ್ (ಕೆಲವು ರೆಜಿಮೆಂಟ್ ಸೇರಿದ ದಳ) ಫಲಕಗಳ ಬುಡ ನೋಡಿ. ಉತ್ತರದ ಸೈನ್ಯದ್ದು ಚೌಕ, ದಕ್ಷಿಣದ್ದು ದುಂಡು.

ಈ ಜಾಗದ ವಿಷಯಕ್ಕೆ ಒಂದು ದೊಡ್ಡ ಕೋರ್ಟ್ ಜಗಳವೇ ನಡೆದಿದೆ. ನನಗೆ ತುಂಬಾ ಇಷ್ಟದ ಕಥೆ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ಆಗ ಯುದ್ಧಭೂಮಿ ನೋಡಿಕೊಳ್ಳುತ್ತಿದ್ದ ಸಂಘ 1887ರಲ್ಲಿ ಒಂದು ನಿಯಮ ಮಾಡಿತು. ಕಾದಾಟದ ಸಾಲಿನಲ್ಲಿ ನಿಮ್ಮ ರೆಜಿಮೆಂಟಿಗೆ ಯಾವ ಸ್ಥಾನ ಇತ್ತೋ ಅಲ್ಲೇ ಕಲ್ಲು ನೆಡಬೇಕು, ಮುಂದೆ ನುಗ್ಗಿದ ಜಾಗದಲ್ಲಿ ಅಲ್ಲ ಅಂತ. ನಿಯಮ ಸರಿಯಾದದ್ದೇ. ಇಲ್ಲದಿದ್ದರೆ ಎಲ್ಲರೂ ಮುಂದೆ ಬಂದು ಶತ್ರುವಿನ ಮೂಗಿನ ತುದಿಗೆ ಕಲ್ಲು ನೆಡುತ್ತಿದ್ದರು. ಆದರೆ ಉತ್ತರದ ಸೈನ್ಯದ 72ನೇ ಪೆನ್ಸಿಲ್ವೇನಿಯಾ ರೆಜಿಮೆಂಟಿನವರು ಒಪ್ಪಲಿಲ್ಲ. ಮೂರನೇ ದಿನ ದಕ್ಷಿಣದ ಜನರಲ್ ಪಿಕೆಟ್ಟನ ದಾಳಿ ಬಂದು ಕಲ್ಲುಗೋಡೆಗೆ ಬಡಿದಾಗ ಅವರು ಮೊದಲು ಹಿಂದಿನ ದಿಣ್ಣೆ ಮೇಲೆ ಇದ್ದರು. ಅವರ ಜನರಲ್ ವೆಬ್ ಮುನ್ನುಗ್ಗಿ ಅಂದಾಗ ತಕ್ಷಣ ಹೊರಡಲಿಲ್ಲ, ನಿಂತಲ್ಲಿಂದಲೇ ಗುಂಡು ಹಾರಿಸಿದರು. ಕೊನೆಗೆ ಗೋಡೆಗೆ ನುಗ್ಗಿದರು. ಹಾಗಾಗಿ ನಮ್ಮ ಕಲ್ಲು ಗೋಡೆ ಹತ್ತಿರವೇ ನಿಲ್ಲಬೇಕು ಅಂತ ಅವರ ಹಟ. ಸಂಘ ಬೇಡ ಅಂದಿತು. ಅವರು ಹೋಗಿ ಗುಂಡಿ ತೋಡಲು ಶುರು ಮಾಡಿದರು, ಅತಿಕ್ರಮ ಪ್ರವೇಶ ಅಂತ ಅವರ ಕಡೆಯವರನ್ನು ಹಿಡಿದರು. ಕೇಸು ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1891ರಲ್ಲಿ ಹಳೆಯ ಸೈನಿಕರೇ ಗೆದ್ದರು.

ಈಗ ಆ ಪ್ರತಿಮೆ ಗೋಡೆಯ ಹತ್ತಿರವೇ ಇದೆ. ಕೋವಿಯನ್ನು ತಿರುಗಿಸಿ ಹಿಡಿದು ದೊಣ್ಣೆಯ ಹಾಗೆ ಬೀಸುತ್ತಿರುವ ಸೈನಿಕ. 2013ರ ಜೂನ್‌ನಲ್ಲಿ, 150ನೇ ವರ್ಷದ ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಬಿರುಗಾಳಿಗೆ ಕೆಳಗೆ ಬಿತ್ತು. ರಿಪೇರಿ ಮಾಡಿ ಮತ್ತೆ ಏರಿಸಿದ್ದಾರೆ.

28 ವರ್ಷ ಆದಮೇಲೂ, ತಲೆ ಬೆಳ್ಳಗಾದಮೇಲೂ, ಸ್ವಲ್ಪ ಮುಂದಿನ ಜಾಗಕ್ಕಾಗಿ ಅವರು ಕೋರ್ಟಿಗೆ ಹೋದರು. ನನಗೆ ಅದು ಸಣ್ಣತನ ಅನ್ನಿಸುವುದಿಲ್ಲ. ಅಲ್ಲಿ ಅವರ ಜೊತೆಗಾರರು ಸತ್ತಿದ್ದರು.

ಹಳೇ_ಮೈಸೂರು

ಒಳ್ಳೆ ಚರ್ಚೆ. ಆದರೆ ಮೊದಲ ಬರಹದ ಒಂದು ವಿಷಯಕ್ಕೆ ನನ್ನ ತಕರಾರು ಇದೆ. ಕೋಲ್‌ಫ್ಯಾಕ್ಸ್ ಫಲಕ ಕಿತ್ತದ್ದು ನನಗೆ ಸರಿ ಕಾಣಲಿಲ್ಲ. ನೀವೇ ಹೇಳಿದ್ದೀರಿ, ಅದು 1950ರ ಬಗ್ಗೆ ಹೇಳುತ್ತದೆ ಅಂತ. ಹಾಗಾದರೆ ಅದೂ ಒಂದು ದಾಖಲೆ ಅಲ್ಲವೇ? ಕಿತ್ತುಬಿಟ್ಟರೆ ಆ ಕಾಲದ ಜನ ಏನು ಯೋಚಿಸುತ್ತಿದ್ದರು ಅನ್ನುವ ಸಾಕ್ಷಿ ಹೋಯಿತು. ಹಳೆಯದು ಇರಲಿ, ಪಕ್ಕದಲ್ಲಿ ಇನ್ನೊಂದು ಇಡಿ. ಹಳೆಯ ಶಾಸನದಲ್ಲಿ ಸುಳ್ಳು ಹೊಗಳಿಕೆ ಇದೆ ಅಂತ ನಾವು ಒಡೆದು ಹಾಕುತ್ತೇವೆಯೇ?

ರಸ್ತೆಬದಿ_ಓದುಗ

ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಾಕ್ಷಿ ಉಳಿಯಬೇಕು, ಒಪ್ಪಿದೆ. ಆದರೆ ಶಾಸನಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಆ ಫಲಕ ನಿಂತದ್ದು ಕೋರ್ಟ್ ಕಟ್ಟಡದ ಹತ್ತಿರ. ಸತ್ತವರ ಮೊಮ್ಮಕ್ಕಳು ಜಮೀನಿನ ಕಾಗದಕ್ಕೆ, ಮದುವೆ ನೋಂದಣಿಗೆ ಅದರ ಮುಂದೆಯೇ ಹೋಗಬೇಕು. ಸರ್ಕಾರದ ಮುದ್ರೆ ಬೇರೆ. ಅವರ ಅಜ್ಜ ಸತ್ತದ್ದು ಒಳ್ಳೆಯದಾಯಿತು ಅಂತ ಸರ್ಕಾರವೇ ಪ್ರತಿ ದಿನ ಹೇಳಿದ ಹಾಗೆ.

ತುಂಗಾತೀರ_ಡೆನ್ವರ್

@ಹಳೇ_ಮೈಸೂರು ನೀವು ಹೇಳಿದ "ಪಕ್ಕದಲ್ಲಿ ಇನ್ನೊಂದು" ನಮ್ಮ ಊರಲ್ಲಿ ಮಾಡಿ ನೋಡಿದ್ದಾರೆ. ಡೆನ್ವರ್‌ನಲ್ಲಿ ರಾಜ್ಯದ ಶಾಸನಸಭೆಯ ಎದುರು 1909ರ ಒಂದು ಸೈನಿಕನ ಪ್ರತಿಮೆ ಇತ್ತು. ಅಂತರ್ಯುದ್ಧದಲ್ಲಿ ಕೊಲೊರಾಡೊದವರು ಕಾದಿದ ಕಾಳಗಗಳ ಪಟ್ಟಿ ಅದರಲ್ಲಿತ್ತು. ಆ ಪಟ್ಟಿಯಲ್ಲಿ ಸ್ಯಾಂಡ್ ಕ್ರೀಕ್ ಕೂಡ ಇತ್ತು.

ಸ್ಯಾಂಡ್ ಕ್ರೀಕ್ ಕಾಳಗವೇ ಅಲ್ಲ. 1864ರ ನವೆಂಬರ್ 29ರ ಬೆಳಗ್ಗೆ, ಶಾಂತಿಯ ಮಾತಿನ ಮೇಲೆ ನಂಬಿಕೆ ಇಟ್ಟು ಬೀಡು ಬಿಟ್ಟಿದ್ದ ಶೈಯನ್, ಅರಪಹೊ ಮೂಲನಿವಾಸಿ ಜನರ ಮೇಲೆ ಸೈನ್ಯ ಬಿತ್ತು. ಸುಮಾರು 230 ಜನ ಸತ್ತರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 2002ರಲ್ಲಿ ಆ ಪ್ರತಿಮೆಯ ಬಳಿ, ಇದು ಕಾಳಗವಲ್ಲ, ಹತ್ಯಾಕಾಂಡ ಅಂತ ತಿದ್ದುಪಡಿ ಫಲಕ ಹಾಕಿದರು. ನಾನು ಎಷ್ಟೋ ಸಲ ಅಲ್ಲಿ ನಿಂತು ಓದಿದ್ದೇನೆ. ನಿಜ ಹೇಳಬೇಕೆಂದರೆ ಮೇಲಿನ ಸೈನಿಕನನ್ನು ನೋಡುವವರು ನೂರಾದರೆ ಕೆಳಗಿನ ತಿದ್ದುಪಡಿ ಓದುವವರು ನಾಲ್ಕೈದು ಜನ. 2020ರ ಜೂನ್‌ನಲ್ಲಿ ಪ್ರತಿಭಟನೆಯ ಹೊತ್ತಲ್ಲಿ ಪ್ರತಿಮೆಯನ್ನು ಕೆಡವಿದರು. ಆಮೇಲೆ ಅದನ್ನು ರಾಜ್ಯದ ಇತಿಹಾಸ ಮ್ಯೂಸಿಯಮ್ಮಿನಲ್ಲಿ ವಿವರಣೆಯ ಜೊತೆ ಇಟ್ಟರು. ಅಲ್ಲಿ ಅದನ್ನು ನೋಡಿದಾಗ ಇದೇ ಸರಿಯಾದ ಜಾಗ ಅನ್ನಿಸಿತು. ಸಾಕ್ಷಿಯೂ ಉಳಿಯಿತು, ಗೌರವದ ಪೀಠವೂ ಹೋಯಿತು.

ಆ ದಿನ ಗುಂಡು ಹಾರಿಸಲು ಒಪ್ಪದ ಒಬ್ಬ ಕ್ಯಾಪ್ಟನ್ ಇದ್ದ, ಸೈಲಸ್ ಸೋಲ್. ತನ್ನ ತುಕಡಿಗೂ ಹಾರಿಸಬೇಡಿ ಅಂದ. ಆಮೇಲೆ ತನಿಖೆಯಲ್ಲಿ ಸಾಕ್ಷಿ ಹೇಳಿದ. 1865ರ ಏಪ್ರಿಲ್‌ನಲ್ಲಿ ಡೆನ್ವರ್ ಬೀದಿಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಅವನು ಬಿದ್ದ ಜಾಗದ ಹತ್ತಿರ, 15ನೇ ಬೀದಿ ಮತ್ತು ಅರಪಹೊ ಬೀದಿ ಸೇರುವ ಮೂಲೆಯ ಕಟ್ಟಡಕ್ಕೆ ಒಂದು ಸಣ್ಣ ಫಲಕ ಹಾಕಿದ್ದಾರೆ. ಬೀದಿಯ ಹೆಸರೂ ಅರಪಹೊ ಅನ್ನುವುದನ್ನು ಗಮನಿಸಿ. ಈ ಕಡೆ ಬಂದರೆ ದಯವಿಟ್ಟು ಹೋಗಿ ನೋಡಿ.

ಹಳೇ_ಮೈಸೂರು

ಮ್ಯೂಸಿಯಂ ವಿಷಯ ಒಪ್ಪಿದೆ. ನನ್ನ ಭಯ ಇದ್ದದ್ದು ಕರಗಿಸಿ ಮಾಯ ಮಾಡುವುದರ ಬಗ್ಗೆ. ಜನ ಗುಂಪು ಸೇರಿ ಕೆಡವುವುದು ಈಗಲೂ ನನಗೆ ಒಪ್ಪಿಗೆ ಇಲ್ಲ. ಆದರೆ 2002ರಿಂದ 2020ರವರೆಗೆ ಒಂದು ಸಣ್ಣ ಫಲಕದಲ್ಲೇ ಮುಗಿಸಿದ್ದರೆ, ಸಿಟ್ಟು ಎಲ್ಲಿಂದ ಬಂತು ಅನ್ನುವುದೂ ಅರ್ಥ ಆಗುತ್ತದೆ.

ಬಯಲುಸೀಮೆ_ಇನ್_ಟೆಕ್ಸಸ್

ನಮ್ಮ ಟೆಕ್ಸಸ್‌ನಲ್ಲಿ 16,000ಕ್ಕಿಂತ ಜಾಸ್ತಿ ಫಲಕಗಳಿವೆ! ಚರ್ಚು, ಸ್ಮಶಾನ, ಹಳೇ ಬ್ಯಾಂಕು, ಯಾರದೋ ಮನೆ, ಎಲ್ಲದಕ್ಕೂ. ಫಲಕ ಹೇಗೆ ಬರುತ್ತದೆ ಅಂತ ಗೊತ್ತಾದರೆ ಯಾಕೆ ಕೆಲವರದು ಇದೆ, ಕೆಲವರದು ಇಲ್ಲ ಅನ್ನುವುದೂ ತಿಳಿಯುತ್ತದೆ. ಸರ್ಕಾರ ತಾನಾಗಿ ಬಂದು ನೆಡುವುದಿಲ್ಲ. ಊರಿನವರೇ ಅರ್ಜಿ ಹಾಕಬೇಕು, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಇತಿಹಾಸ ಸಮಿತಿ ಮೂಲಕ ಹೋಗಬೇಕು, ದಾಖಲೆ ಸೇರಿಸಿ ಪ್ರಬಂಧ ಬರೆಯಬೇಕು, ಮೇಲಾಗಿ ಫಲಕದ ದುಡ್ಡೂ ಅರ್ಜಿ ಹಾಕಿದವರೇ ಕೊಡಬೇಕು. ದುಡ್ಡು, ಬಿಡುವು, ದಾಖಲೆ ಮೂರೂ ಇದ್ದವರ ಇತಿಹಾಸ ರಸ್ತೆಗೆ ಬರುತ್ತದೆ. ಉಳಿದವರದು ಅಜ್ಜಿಯ ಬಾಯಲ್ಲೇ ಉಳಿಯುತ್ತದೆ.

ಪೊರ್ವೆನೀರ್ ಅಂತ ಮೆಕ್ಸಿಕೊ ಗಡಿಯಲ್ಲಿ ಒಂದು ಹಳ್ಳಿ ಇತ್ತು. 1918ರ ಜನವರಿ 28ರ ರಾತ್ರಿ ರಾಜ್ಯದ ಪೊಲೀಸ್ ಪಡೆಯಾದ ಟೆಕ್ಸಸ್ ರೇಂಜರ್‌ಗಳು, ಜೊತೆಗೆ ಸುತ್ತಲ ಜಮೀನ್ದಾರರು ಬಂದು 15 ಗಂಡಸರು ಮತ್ತು ಹುಡುಗರನ್ನು ಎಬ್ಬಿಸಿ ಕರೆದುಕೊಂಡು ಹೋಗಿ ಗುಂಡಿಟ್ಟರು. ಎಲ್ಲರೂ ಮೆಕ್ಸಿಕನ್ ಮೂಲದವರು. ಉಳಿದವರು ನದಿ ದಾಟಿ ಓಡಿಹೋದರು, ಹಳ್ಳಿಯೇ ಇಲ್ಲವಾಯಿತು. ಅದರ ಫಲಕ ರಸ್ತೆ ಬದಿಗೆ ಬಂದದ್ದು 2018ರಲ್ಲಿ. ನೂರು ವರ್ಷ! ರೇಂಜರ್‌ಗಳನ್ನು ಹೊಗಳುವ ಕಲ್ಲುಗಳು ಅದಕ್ಕೆ ಎಷ್ಟೋ ಮೊದಲೇ ಬಂದಿದ್ದವು. ಹೈವೇ 90ರ ಪಕ್ಕದಲ್ಲಿದೆ, ಸುತ್ತ ಏನೂ ಇಲ್ಲ, ಬರೀ ಬಯಲು ಮತ್ತು ಗಾಳಿ. ನಾನು ಹೋದ ದಿನ ಯಾರೋ ಒಂದು ಹಿಡಿ ಕಾಗದದ ಹೂವು ಕಟ್ಟಿ ಹೋಗಿದ್ದರು.

ಸಹ್ಯಾದ್ರಿ_ಮಗಳು

ಫಲಕ ನೆಟ್ಟರೆ ಮುಗಿಯಿತು ಅಂತಲೂ ಇಲ್ಲ. ಎಮ್ಮೆಟ್ ಟಿಲ್ ಗೊತ್ತಲ್ಲ, 14 ವರ್ಷದ ಕಪ್ಪು ಹುಡುಗ, 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಬಿಳಿಯರ ಕೈಯಲ್ಲಿ ಕೊಲೆಯಾದವನು. ಅವನ ಶವ ಸಿಕ್ಕಿದ ಟಲ್ಲಹ್ಯಾಚಿ ನದಿ ದಡದಲ್ಲಿ ಫಲಕ ಇಟ್ಟರು. ಕದ್ದುಕೊಂಡು ಹೋದರು. ಇನ್ನೊಂದು ಇಟ್ಟರು, ಗುಂಡು ಹೊಡೆದು ತೂತು ಮಾಡಿದರು. ಮೂರನೆಯದಕ್ಕೂ ಗುಂಡು ಬಿತ್ತು. 2019ರಲ್ಲಿ ನಾಲ್ಕನೆಯದು ಬಂತು. ಗುಂಡು ತಾಗಿದರೂ ಒಡೆಯದ, 500 ಪೌಂಡ್ ತೂಕದ ಫಲಕ. ಒಬ್ಬ ಹುಡುಗನ ಹೆಸರಿಗೆ ಅಷ್ಟು ದಪ್ಪದ ಉಕ್ಕು ಬೇಕಾಯಿತು. 2023ರಲ್ಲಿ ಆ ದಡವೂ ಸೇರಿದ ಹಾಗೆ ಅವನ ಮತ್ತು ಅವನ ತಾಯಿ ಮೇಮಿ ಅವರ ಹೆಸರಲ್ಲಿ ರಾಷ್ಟ್ರೀಯ ಸ್ಮಾರಕ ಘೋಷಣೆ ಆಯಿತು.

ಗೋದಾವರಿ_ಕಾವೇರಿ

ಭಾರ ಆಯಿತು ಮನಸ್ಸು. ಒಂದು ಬೇರೆ ತರದ್ದು ಹೇಳಲಾ? ಅಲಬಾಮಾದ ಎಂಟರ್‌ಪ್ರೈಸ್ ಊರಲ್ಲಿ ಒಂದು ಹುಳುವಿಗೆ ಸ್ಮಾರಕ ಇದೆ. ಹತ್ತಿ ಕಾಯಿ ಕೊರೆಯುವ ಮೂತಿಹುಳು. ಅದು ಬಂದು ಹತ್ತಿ ಬೆಳೆಯನ್ನೆಲ್ಲ ಹಾಳು ಮಾಡಿತು. ಜನ ಕಡಲೆಕಾಯಿ ಹಾಕಲು ಶುರು ಮಾಡಿದರು, ಕೈ ತುಂಬಾ ದುಡ್ಡು ಬಂತು. 1919ರ ಡಿಸೆಂಬರ್‌ನಲ್ಲಿ ಊರ ನಡುವೆ ಕಲ್ಲು ನಿಲ್ಲಿಸಿ, ಸಮೃದ್ಧಿ ತಂದದ್ದಕ್ಕೆ ಹುಳುವಿಗೇ ಕೃತಜ್ಞತೆ ಹೇಳಿದರು. ಕೈ ಮೇಲೆತ್ತಿ ನಿಂತ ಹೆಂಗಸಿನ ಪ್ರತಿಮೆ. ಅವಳ ಕೈಯಲ್ಲಿ ಹುಳು ಬಂದದ್ದು 30 ವರ್ಷ ಆದಮೇಲೆ, 1949ರಲ್ಲಿ. ನಮ್ಮ ಕಡೆಯ ಹತ್ತಿ ರೈತರಿಗೆ ಈ ಕಥೆ ಹೇಳಿದರೆ ನಂಬುವುದಿಲ್ಲ.

ಶಾಸನ_ಓದು

ನಾನು ಓದಿದ್ದರಲ್ಲಿ ಮನಸ್ಸಲ್ಲಿ ನಿಂತದ್ದು ನ್ಯೂಯಾರ್ಕಿನ ಸರಟೋಗ ಯುದ್ಧಭೂಮಿಯ ಬೂಟಿನ ಕಲ್ಲು. 1777ರಲ್ಲಿ ಅಲ್ಲಿ ಅಮೆರಿಕದ ಕಡೆಯ ಸೇನಾನಿ ಬೆನೆಡಿಕ್ಟ್ ಆರ್ನಲ್ಡ್ ಜೀವ ಒತ್ತೆ ಇಟ್ಟು ಕಾದಿದ, ಕಾಲಿಗೆ ಗುಂಡು ಬಿತ್ತು. ಆಮೇಲೆ ಅವನೇ ಬ್ರಿಟಿಷರ ಕಡೆ ಸೇರಿಕೊಂಡ. 1887ರಲ್ಲಿ ಕಲ್ಲು ನೆಟ್ಟಾಗ ಬರೀ ಅವನ ಬೂಟನ್ನು ಕೆತ್ತಿದರು. ಅತ್ಯಂತ ಪ್ರತಿಭಾವಂತ ಯೋಧನ ನೆನಪಿಗೆ ಅಂತ ಬರಹ ಇದೆ, ಹೆಸರು ಮಾತ್ರ ಇಲ್ಲ. ನಮ್ಮ ಶಾಸನಗಳಲ್ಲಿ ಹೆಸರು ಕೆತ್ತಿ ಆಮೇಲೆ ಉಜ್ಜಿ ಅಳಿಸಿದ್ದು ಕಂಡಿದ್ದೇನೆ. ಹೆಸರು ಬಿಟ್ಟೇ ಕೆತ್ತುವುದು ಇದೇ ಮೊದಲು ಕೇಳಿದ್ದು.

ಸಹ್ಯಾದ್ರಿ_ಮಗಳು

ಹೆಸರಿನ ವಿಷಯ ಬಂತಲ್ಲ, ಬಾಸ್ಟನ್‌ನಲ್ಲಿ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನ ಸ್ಮಾರಕ ನೋಡಿ. ಅಂತರ್ಯುದ್ಧದಲ್ಲಿ ಕಾದಿದ ಕಪ್ಪು ಸೈನಿಕರ ರೆಜಿಮೆಂಟ್. 1863ರ ಜುಲೈ 18ರಂದು ದಕ್ಷಿಣದವರ ವ್ಯಾಗ್ನರ್ ಕೋಟೆ ಮೇಲೆ ನುಗ್ಗಿದರು. ಶಿಲ್ಪಿ ಸೇಂಟ್ ಗಾಡೆನ್ಸ್ ಮಾಡಿದ ಕಂಚಿನ ಉಬ್ಬು ಶಿಲ್ಪ 1897ರಲ್ಲಿ ಅನಾವರಣ ಆಯಿತು. ಕುದುರೆ ಮೇಲೆ ಬಿಳಿಯ ಕರ್ನಲ್ ಶಾ, ಪಕ್ಕದಲ್ಲಿ ನಡೆಯುವ ಕಪ್ಪು ಸೈನಿಕರು. ಒಬ್ಬೊಬ್ಬರ ಮುಖವೂ ಬೇರೆ ಬೇರೆ, ಎಷ್ಟು ಜೀವಂತ ಅಂದರೆ ನಡೆದು ಬಂದುಬಿಡುತ್ತಾರೆ ಅನ್ನಿಸುತ್ತದೆ. ಆದರೆ ಕೆತ್ತಿದ್ದು ಬಿಳಿಯ ಅಧಿಕಾರಿಗಳ ಹೆಸರು ಮಾತ್ರ. ಸತ್ತ ಕಪ್ಪು ಸೈನಿಕರ ಹೆಸರು ಹಿಂಬದಿಗೆ ಬಂದದ್ದು 1982ರಲ್ಲಿ. ಕರಿಕಲ್ಲು ಗೋಡೆ ನಿಂತ ಅದೇ ವರ್ಷ. ಅಲ್ಲಿಗೆ ಹೋದವರು ಮುಂಭಾಗ ನೋಡಿ ಫೋಟೋ ತೆಗೆದು ಹೋಗುತ್ತಾರೆ. ಹಿಂದೆ ಸುತ್ತಿ ಹೋಗಿ.

ಪಡುವಣ_ಗಾಳಿ

ಒಂದು ಪದಕ್ಕಾಗಿ ನಡೆದ ಹೋರಾಟ ಗೊತ್ತಾ? ಕ್ಯಾಲಿಫೋರ್ನಿಯಾದ ಮ್ಯಾನ್‌ಜನಾರ್. ಎರಡನೇ ಮಹಾಯುದ್ಧದ ಹೊತ್ತಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಮನೆ, ಅಂಗಡಿ ಬಿಡಿಸಿ ಇಟ್ಟ ಶಿಬಿರಗಳಲ್ಲಿ ಒಂದು. ಅಲ್ಲೊಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಜನ. 1973ರಲ್ಲಿ ರಾಜ್ಯದ ಫಲಕ ಹಾಕುವಾಗ, ಕೂಡಿಟ್ಟ ಯಾತನಾ ಶಿಬಿರ ಅನ್ನುವ ಅರ್ಥದ ಪದವೇ ಇರಬೇಕು, ಜನಾಂಗ ದ್ವೇಷ ಅನ್ನುವ ಪದವೂ ಇರಬೇಕು ಅಂತ ಅಲ್ಲಿ ಇದ್ದು ಬಂದವರು ಪಟ್ಟು ಹಿಡಿದರು. ಅಧಿಕಾರಿಗಳು ಮೆತ್ತಗಿನ ಪದ ಕೇಳಿದರು. ಕೊನೆಗೆ ಎರಡೂ ಪದ ಉಳಿದವು. ಆ ಫಲಕದ ಮೇಲೆ ಯಾರೋ ಕೆರೆದ, ಹೊಡೆದ ಗಾಯಗಳು ಈಗಲೂ ಕಾಣುತ್ತವೆ. ಹಿಂದೆ ಸ್ಮಶಾನದಲ್ಲಿ ಒಂದು ಬಿಳಿ ಕಂಬ ಇದೆ. ಅದನ್ನು ಶಿಬಿರದಲ್ಲಿ ಇದ್ದವರೇ, ಬೇಲಿಯೊಳಗೆ ಇದ್ದಾಗಲೇ, 1943ರಲ್ಲಿ ಕಟ್ಟಿದ್ದು. ಒಂದೇ ಜಾಗದಲ್ಲಿ 1943 ಮತ್ತು 1973, ಎರಡು ಕೊನೆಯ ಸಾಲುಗಳು.

ಇನ್ನೊಂದು, ಒರೆಗಾನ್‌ನ ಆಸ್ಟೋರಿಯಾದಲ್ಲಿ ಗದರ್ ಪಕ್ಷದ (ಬ್ರಿಟಿಷರಿಂದ ಭಾರತದ ಬಿಡುಗಡೆಗೆ ಹೋರಾಡಿದ ಪಕ್ಷ) ಫಲಕ ಇದೆ. 1913ರಲ್ಲಿ ಅಲ್ಲಿ ಮರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಸಭೆ ಸೇರಿದ್ದರು. ನೂರು ವರ್ಷಕ್ಕೆ, 2013ರಲ್ಲಿ, ಊರಿನವರೇ ಫಲಕ ಹಾಕಿದರು.

ತುಂಗಾತೀರ_ಡೆನ್ವರ್

ಜಾಗ ಮುಖ್ಯ ಅಂದಿರಲ್ಲ, ಅದಕ್ಕೆ ಇನ್ನೊಂದು. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್. 1876ರ ಜೂನ್‌ನಲ್ಲಿ ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್ ಮತ್ತು ಅವನ ಸೈನಿಕರು ಲಕೋಟ, ಶೈಯನ್ ಮೂಲನಿವಾಸಿ ಯೋಧರ ಎದುರು ಸತ್ತ ಜಾಗ. 1890ರಲ್ಲಿ ಸೈನಿಕರು ಬಿದ್ದಲ್ಲೆಲ್ಲ ಬಿಳಿ ಅಮೃತಶಿಲೆಯ ಕಲ್ಲು ಇಟ್ಟರು. ಗುಡ್ಡದ ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು, ಕೆಲವು ಕಡೆ ಎರಡೆರಡು ಜೋಡಿಯಾಗಿ. ತಮ್ಮ ಬಿಡಾರ, ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳಲು ಕಾದು ಸತ್ತ ಯೋಧರಿಗೆ ಕೆಂಪು ಗ್ರಾನೈಟ್ ಕಲ್ಲು ಬರಲು ಶುರುವಾದದ್ದು 1999ರಲ್ಲಿ. ಅವರ ಸ್ಮಾರಕ ತೆರೆದದ್ದು 2003ರಲ್ಲಿ. 1991ರವರೆಗೂ ಇಡೀ ಜಾಗಕ್ಕೆ ಕಸ್ಟರ್‌ನ ಹೆಸರೇ ಇತ್ತು, ಗೆದ್ದವರದಲ್ಲ, ಸೋತವನದು. ಈಗ ಹೋದರೆ ಬಿಳಿ, ಕೆಂಪು ಎರಡೂ ಕಾಣುತ್ತವೆ, ಆದರೆ ಬಿಳಿಯೇ ಜಾಸ್ತಿ.

ಕನಕಪುರ_ಕರಿಕಲ್ಲು

ಒಂದು ಪ್ರಶ್ನೆ. ಗೆಟಿಸ್‌ಬರ್ಗ್‌ನಲ್ಲಿ 1,300 ಕಲ್ಲು ಅಂದಿರಿ. ಅದರಲ್ಲಿ ಸೈನಿಕರಲ್ಲದವರ ಕಲ್ಲು ಇದೆಯೇ? ಊರಿನವರು ಏನಾದರು?

ರಸ್ತೆಬದಿ_ಓದುಗ

ಇದೆ, ಆದರೆ ಕಡಿಮೆ. ಎಲಿಜಬೆತ್ ಥಾರ್ನ್ ಅಂತ ಒಬ್ಬರಿದ್ದರು. ಗಂಡ ಊರ ಸ್ಮಶಾನದ ಮೇಲ್ವಿಚಾರಕ, ಸೈನ್ಯಕ್ಕೆ ಹೋಗಿದ್ದ. ಕೆಲಸ ಇವರ ತಲೆ ಮೇಲೆ ಬಿತ್ತು. ಯುದ್ಧ ಮುಗಿದ ಮೇಲೆ ಜುಲೈ ಬಿಸಿಲಲ್ಲಿ, ಆರು ತಿಂಗಳ ಬಸುರಿ, ವಯಸ್ಸಾದ ತಂದೆಯ ಜೊತೆ ಸೇರಿ ಸುಮಾರು ನೂರು ಸೈನಿಕರಿಗೆ ಗುಂಡಿ ತೋಡಿ ಮಣ್ಣು ಮಾಡಿದರು. ಅವರ ಪ್ರತಿಮೆ ಎವರ್‌ಗ್ರೀನ್ ಸ್ಮಶಾನದಲ್ಲಿ ಇದೆ. ಬಸುರಿ ಹೆಂಗಸು, ಒಂದು ಕೈ ಹೊಟ್ಟೆ ಮೇಲೆ, ಇನ್ನೊಂದು ಕೈಯಲ್ಲಿ ಹಣೆ ಒರೆಸಿಕೊಳ್ಳುತ್ತಾ ಸನಿಕೆಗೆ ಒರಗಿ ನಿಂತಿದ್ದಾರೆ. ನಿಲ್ಲಿಸಿದ ವರ್ಷ 2002. ಜನರಲ್‌ಗಳ ಕುದುರೆಗಳಿಗೆ ಕಂಚು ಎರಕ ಹೊಯ್ದು ನೂರು ವರ್ಷ ಆದಮೇಲೆ.

ನಾಯಿಗೂ ಒಂದು ಇದೆ. 11ನೇ ಪೆನ್ಸಿಲ್ವೇನಿಯಾದವರು ಸಾಕಿದ ಸ್ಯಾಲಿ. ಮೊದಲ ದಿನ ಸೈನ್ಯ ಹಿಂದೆ ಸರಿದಾಗ ಅವಳು ತಪ್ಪಿಹೋದಳು. ಮೂರು ದಿನ ಆದಮೇಲೆ ನೋಡಿದರೆ ಸತ್ತವರ, ಗಾಯಗೊಂಡವರ ಪಕ್ಕದಲ್ಲೇ ಕಾದು ಕೂತಿದ್ದಳು. 1865ರ ಫೆಬ್ರವರಿಯಲ್ಲಿ ವರ್ಜೀನಿಯಾದ ಕಾಳಗದಲ್ಲಿ ಗುಂಡು ತಾಗಿ ಸತ್ತಳು. 1890ರಲ್ಲಿ ಅವರ ಸ್ಮಾರಕ ಕಟ್ಟಿದಾಗ ಬುಡದಲ್ಲಿ ಅವಳು ಮಲಗಿದ ಹಾಗೆ ಕಂಚಿನಲ್ಲಿ ಮಾಡಿಸಿದರು. ನನ್ನ ಮಗಳು ಪ್ರತಿ ಸಲ ಬಿಸ್ಕತ್ ಇಟ್ಟು ಬರುತ್ತಾಳೆ. ಬೇರೆಯವರು ಇಟ್ಟದ್ದೂ ಅಲ್ಲಿರುತ್ತದೆ.

ಬಯಲುಸೀಮೆ_ಇನ್_ಟೆಕ್ಸಸ್

@ರಸ್ತೆಬದಿ_ಓದುಗ ಬೇಸಿಗೆಯಲ್ಲಿ ನಾವು ಆ ಕಡೆ ಬರುತ್ತಿದ್ದೇವೆ. ಅರ್ಧ ದಿನ ಮಾತ್ರ ಸಿಗುತ್ತದೆ, ಏನು ನೋಡಬೇಕು?

ರಸ್ತೆಬದಿ_ಓದುಗ

ಅರ್ಧ ದಿನದಲ್ಲಿ ಎಲ್ಲ ನೋಡಲು ಹೋಗಬೇಡಿ. ಕಲ್ಲುಗೋಡೆಯ ಮೂಲೆಗೆ ಹೋಗಿ, ಅಲ್ಲಿ 72ನೇಯವರ ಸೈನಿಕನ ಮುಂದೆ ನಿಲ್ಲಿ. ಆಮೇಲೆ ತಿರುಗಿ, ಹಿಂದಿನ ದಿಣ್ಣೆಯವರೆಗೂ ನಡೆದು ನೋಡಿ. ಅವರು ಕೋರ್ಟಿಗೆ ಹೋದದ್ದು ಅಷ್ಟು ದೂರಕ್ಕಾಗಿ. ಹೋದ ಶನಿವಾರ ನಾನು, ಮಗಳು ಅದೇ ನಡೆದೆವು. ಅವಳು ಹೆಜ್ಜೆ ಎಣಿಸಲು ಹೋಗಿ ನಡುವೆ ಲೆಕ್ಕ ತಪ್ಪಿದಳು, ಮತ್ತೆ ಮೊದಲಿಂದ ಶುರು ಮಾಡಿದಳು. ಬೆಳಗ್ಗೆ ಎಂಟಕ್ಕೆ ಬನ್ನಿ, ಆಗ ಜನ ಇರುವುದಿಲ್ಲ, ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಗಟ್ಟಿ ಶೂ ಹಾಕಿಕೊಳ್ಳಿ. ದಿನ ತಿಳಿಸಿ, ನಾವೂ ಬರುತ್ತೇವೆ.